ಆರು ಗಂಟೆಯ ಮಾತ್ರೆ

ಕೊತ್ತಗೆರೆಯ ಮಹಿಳಾ ಹಾಲು ಉತ್ಪಾದಕರ ಸಂಘದ ಬಾಗಿಲು ಬೆಳಿಗ್ಗೆಯೂ ಸಂಜೆಯೂ ಆರಕ್ಕೆ ತೆರೆದು ಏಳಕ್ಕೆ ಮುಚ್ಚುತ್ತದೆ. ಏಳು ಅಂದರೆ ಏಳು. ಏಳೂ ಎರಡಕ್ಕೆ ಕ್ಯಾನು ಹಿಡಿದು ಓಡಿಬಂದವರು ಅದನ್ನು ಮನೆಗೆ ವಾಪಸ್ ಕೊಂಡೊಯ್ದು ಪಾಯಸ ಮಾಡಿಕೊಳ್ಳಬಹುದು. ಹನ್ನೊಂದು ವರ್ಷದ ಹಿಂದೆ ಅಧ್ಯಕ್ಷೆಯಾದ ಸಿದ್ದಗಂಗಮ್ಮ ಮಾಡಿದ ಮೊದಲ ಕಾನೂನು ಇದು. ಅದಕ್ಕೆ ಸಿಕ್ಕಿಬಿದ್ದ ಮೊದಲ ಕ್ಯಾನು ಅವರದೇ ಮನೆಯದು, ತಂದವರು ಅವರದೇ ಗಂಡ. ವೀರಭದ್ರಯ್ಯ ಆಗಿನ್ನೂ ಸರ್ಕಾರಿ ಬಸ್ಸಿನ ಕಂಡಕ್ಟರು. ಹೊರಡುವ ಹೊತ್ತು ಎಂಬುದು ಬೋರ್ಡಿನ ಮೇಲೆ ಬರೆಯಲಿಕ್ಕೆ ಮಾತ್ರ ಇರುವ ಸಂಗತಿ ಎಂದು ಅನುಭವದಿಂದ ನಂಬಿದ್ದವರು. ಅವತ್ತು ಮನೆಯಲ್ಲಿ ಎಲ್ಲರೂ ಪಾಯಸ ತಿಂದರು.

ಇಂಥ ಹೆಂಗಸು ತನ್ನ ನೋವಿನ ಮಾತ್ರೆಯನ್ನು ದಿನವೂ ಮೂರೂವರೆ ಗಂಟೆ ತಡವಾಗಿ ನುಂಗುತ್ತಿದ್ದರು ಎಂದರೆ ಊರು ನಂಬುತ್ತಿರಲಿಲ್ಲ. ಊರಿಗೆ ಹೇಳಿದವರೂ ಇಲ್ಲ.

ಎರಡು ವರ್ಷದ ಹಿಂದೆ ಅವರ ಎಡ ಸ್ತನ ತೆಗೆದಿದ್ದರು. ಈ ವರ್ಷ ಬೇಸಿಗೆಯಲ್ಲಿ ಸೊಂಟ ಹಿಡಿಯಿತು. ಆಗಸ್ಟಿನ ಕೊನೆಗೆ ತುಮಕೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನು ನೋಡಿದ ಡಾಕ್ಟರು ಗಂಡನನ್ನೂ, ವಸಂತನರಸಾಪುರದ ಫ್ಯಾಕ್ಟರಿಯಿಂದ ಶಿಫ್ಟು ಬದಲಿಸಿಕೊಂಡು ಬಂದಿದ್ದ ಮಗ ಮಲ್ಲಿಕಾರ್ಜುನನನ್ನೂ ಹೊರಗೆ ಕರೆದರು. ಹತ್ತು ನಿಮಿಷ ಬಿಟ್ಟು ಇಬ್ಬರೂ ಮುಖ ತೊಳೆದುಕೊಂಡು ಒಳಗೆ ಬಂದರು.

"ಏನಂತೆ?" ಅಂದರು ಸಿದ್ದಗಂಗಮ್ಮ.

"ಏನಿಲ್ಲ ಕಣೇ. ಮೂಳೆ ಸವ್ದದಂತೆ. ಕ್ಯಾಲ್ಸಿಯಂ ಕಮ್ಮಿ."

"ಹಾಲಿನ ಸಂಘದ ಅಧ್ಯಕ್ಷೆಗೆ ಕ್ಯಾಲ್ಸಿಯಂ ಕಮ್ಮಿನಾ? ಆಚೆ ಎಲ್ಲೂ ಹೇಳ್ಬ್ಯಾಡಿ, ಸಂಘದ ಮರ್ಯಾದೆ ಹೋಯ್ತದೆ."

ಗಂಡ, ಮಗ ಇಬ್ಬರೂ ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ನೋಡುವಂಥದ್ದು ಏನೂ ಇರಲಿಲ್ಲ. ಆಗ ರಕ್ತದೊತ್ತಡ ನೋಡಲು ಬಂದ ನರ್ಸನ್ನು ಸಿದ್ದಗಂಗಮ್ಮ ಕೈಹಿಡಿದು ಕೂರಿಸಿಕೊಂಡರು. ಇಪ್ಪತ್ತೆಂಟರ ಹುಡುಗಿ, ಹೆಸರು ಬಿಂದುಶ್ರೀ, ಗುಬ್ಬಿ ತಾಲ್ಲೂಕು ನಿಟ್ಟೂರಿನವಳು. "ನೋಡವ್ವಾ, ಇವರಿಬ್ರಿಗೂ ಸುಳ್ಳು ಹೇಳಕ್ಕೆ ಬರಲ್ಲ, ಪಾಪ, ಬೆವರ್ತಾವ್ರೆ. ನೀನಾದ್ರೂ ಹೇಳು." ಬಿಂದುಶ್ರೀ ಎದ್ದು ಹೋಗಿ ಡಾಕ್ಟರನ್ನೇ ಕರೆತಂದಳು. ಅವರು ಹೇಳಿದ್ದರಲ್ಲಿ ಅರ್ಧ ಇಂಗ್ಲಿಷು. ಅವರು ಹೋದ ಮೇಲೆ ಬಿಂದುಶ್ರೀ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅದನ್ನೇ ಕನ್ನಡದಲ್ಲಿ ಹೇಳಿದಳು: ಕ್ಯಾನ್ಸರು ಸೊಂಟದ ಮೂಳೆಗೆ, ಬೆನ್ನಿಗೆ ಬಂದಿದೆ. ವಾಸಿ ಆಗುವುದಿಲ್ಲ. ಎಷ್ಟು ದಿನ ಎಂದು ಯಾರೂ ಬರೆದುಕೊಡಲಾರರು. ಆದರೆ ಇರುವಷ್ಟು ದಿನ ನೋವಿಗೆ, ಊಟಕ್ಕೆ, ನಿದ್ದೆಗೆ, ಗಾಯಕ್ಕೆ, ಭಯಕ್ಕೆ ನಾವಿದ್ದೇವೆ. ಗುರುವಾರ ಗುರುವಾರ ಮನೆಗೇ ಬರುತ್ತೇವೆ.

"ಭಯಕ್ಕೂ ಮಾತ್ರೆ ಐತಾ?"

"ಇಲ್ಲಮ್ಮ. ಅದಕ್ಕೆ ನಾನೇ ಬರೋದು."

ಸಿದ್ದಗಂಗಮ್ಮ ಆ ಹುಡುಗಿಯನ್ನು ಆ ಕ್ಷಣದಲ್ಲಿ ಒಪ್ಪಿಕೊಂಡರು.

ಅಲ್ಲಿಂದ ಗುರುವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆಸ್ಪತ್ರೆಯ ಜೀಪು ಕೊತ್ತಗೆರೆಗೆ ಬರತೊಡಗಿತು. ಬಿಂದುಶ್ರೀ ಚಪ್ಪಲಿ ಬಿಡುತ್ತಲೇ ಕೇಳುವ ಮೊದಲ ಪ್ರಶ್ನೆ ಹೊಟ್ಟೆ ಸಲೀಸಾಗಿ ಹೋಯಿತೇ ಎಂಬುದು. ಮಾರ್ಫಿನ್ ಮಾತ್ರೆ ನೋವನ್ನು ಹಿಡಿಯುವಾಗ ಹೊಟ್ಟೆಯನ್ನೂ ಹಿಡಿಯುತ್ತದಂತೆ. ಹೊರಜಗುಲಿಯಲ್ಲಿ ಅಕ್ಕಪಕ್ಕದವರ ಎದುರಿಗೆ ಈ ಮಾತು ಬಂದಾಗ ವೀರಭದ್ರಯ್ಯ ತೆಂಗಿನ ತೋಟದ ಕಡೆ ತುರ್ತು ಕೆಲಸ ನೆನೆಸಿಕೊಳ್ಳುತ್ತಿದ್ದರು. ಆಮೇಲೆ ಅವಳು ಸಿದ್ದಗಂಗಮ್ಮನ ಊದಿದ ಎಡಗೈಯನ್ನು ಬೆರಳಿನಿಂದ ಮೇಲಕ್ಕೆ ನಯವಾಗಿ ನೀವಿ, ಪಟ್ಟಿ ಸುತ್ತಿ, ದಿಂಬಿನ ಮೇಲೆ ಇಡಿಸುತ್ತಿದ್ದಳು. ಅರ್ಧ ಗಂಟೆಯ ಕೆಲಸ. ಅಷ್ಟು ಹೊತ್ತೂ ಇಬ್ಬರೂ ದನಗಳ ವಿಷಯ ಮಾತಾಡುತ್ತಿದ್ದರು. ಹುಡುಗಿಯ ಮನೆಯಲ್ಲೂ ಎರಡು ಸೀಮೆಹಸು ಇದ್ದವು.

ಮಾತ್ರೆಯ ಲೆಕ್ಕ ಕಟ್ಟುನಿಟ್ಟು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರಕ್ಕೆ ಒಂದೊಂದು. ರಾತ್ರಿ ಹತ್ತಕ್ಕೆ ಎರಡು, ಜಾವದವರೆಗೆ ಎದ್ದು ಒದ್ದಾಡದಂತೆ. ನೋವು ಬಂದ ಮೇಲಲ್ಲ, ಬರುವ ಮುಂಚೆ. ಇದರ ಚಾರ್ಟು ವೀರಭದ್ರಯ್ಯನವರ ಕೈಯಲ್ಲಿತ್ತು. ಹಿಂದೆ ಬಸ್ಸಿನಲ್ಲಿ ಟಿಕೆಟ್ಟಿನ ಲೆಕ್ಕದ ವೇಬಿಲ್ಲು ತುಂಬಿಸುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ತುಂಬಿಸಿ, ಪ್ರತಿ ಹೊತ್ತಿಗೂ ಕೆಂಪು ಪೆನ್ನಿನಲ್ಲಿ ರೈಟು ಹಾಕುತ್ತಿದ್ದರು. ಆರಕ್ಕೆ ಹೆಂಡತಿಯ ಅಂಗೈಗೆ ಮಾತ್ರೆ ಇಡುತ್ತಿದ್ದರು, ರೈಟು. ಟಿಕೆಟ್ಟು ಕೊಟ್ಟ ಮೇಲೆ ಪ್ರಯಾಣಿಕರು ಅದನ್ನು ಏನು ಮಾಡಿದರು ಎಂದು ಯಾವ ಕಂಡಕ್ಟರೂ ನೋಡುವುದಿಲ್ಲ.

ಸಿದ್ದಗಂಗಮ್ಮ ಅದನ್ನು ಪೂಜೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಹಿಂದಿನ ಹಿತ್ತಾಳೆ ಬಟ್ಟಲಲ್ಲಿ ಇಡುತ್ತಿದ್ದರು. ಏಕೆಂದರೆ ಲಿಂಗಪೂಜೆ ಆಗುವ ತನಕ ಅವರು ಬಾಯಿಗೆ ಏನನ್ನೂ ಹಾಕಿದವರಲ್ಲ. ಏಳನೇ ವಯಸ್ಸಿನಿಂದ ಅರವತ್ತೊಂದರವರೆಗೆ ಒಂದು ದಿನ ತಪ್ಪಿರಲಿಲ್ಲ. ಆಪರೇಷನ್ನಿನ ಮರುದಿನವೂ ಬಲಗೈಯಲ್ಲಿ ಎಡಗೈಯನ್ನು ಎತ್ತಿ ಹಿಡಿದು, ಅಂಗೈ ಮೇಲೆ ಲಿಂಗವಿಟ್ಟು ಕಣ್ಣು ನೆಟ್ಟಿದ್ದರು. ಕೊರಳಿನ ಲಿಂಗದ ಕರಡಿಗೆ ಮಾತ್ರ ಈಗ ಎದೆಯ ಮೇಲೆ ನೆಟ್ಟಗೆ ನಿಲ್ಲದೆ ಖಾಲಿಯಾದ ಕಡೆಗೆ ವಾಲುತ್ತಿತ್ತು.

ತೊಂದರೆ ಏನೆಂದರೆ, ಪೂಜೆಗೆ ಮುಂಚೆ ಸ್ನಾನ ಆಗಬೇಕು. ಸ್ನಾನಕ್ಕೆ ಏಳಬೇಕು. ಆರು ದಾಟಿತೆಂದರೆ ಸೊಂಟದಲ್ಲಿ ಯಾರೋ ಗುದ್ದಲಿ ಹಿಡಿದು ಪಾತಿ ಮಾಡಲು ಶುರು ಮಾಡುತ್ತಿದ್ದರು, ಏಳಲಾಗುತ್ತಿರಲಿಲ್ಲ. ಎದ್ದು, ಸ್ನಾನ ಮಾಡಿ, ಮಧ್ಯೆ ಮೂರು ಕಡೆ ಗೋಡೆ ಹಿಡಿದು ನಿಂತು, ಪೂಜೆ ಮುಗಿಸುವ ಹೊತ್ತಿಗೆ ಒಂಬತ್ತೂವರೆ. ಆಗ ಒಂದು ಮಾತ್ರೆ ನುಂಗುತ್ತಿದ್ದರು. ಹತ್ತಕ್ಕೆ ಗಂಡ ತಂದ ಮತ್ತೊಂದು ಬಟ್ಟಲು ಸೇರಿ, ದಿನಕ್ಕೊಂದು ಮಿಗುತ್ತಿತ್ತು. ಹತ್ತೂವರೆ ಕಳೆದ ಮೇಲೆ ಗುದ್ದಲಿಯವನು ಮನೆಗೆ ಹೋಗುತ್ತಿದ್ದ. ಹನ್ನೆರಡಕ್ಕೆ ಜೀಪು ಬರುವಾಗ ಅಧ್ಯಕ್ಷೆ ತಲೆ ಬಾಚಿಕೊಂಡು ನಗುತ್ತಾ ಕೂತಿರುತ್ತಿದ್ದರು. ಇದರಲ್ಲಿ ಸುಳ್ಳು ಹೇಳಿದಂತೆ ಅವರಿಗೆ ಅನ್ನಿಸಿರಲಿಲ್ಲ. ಚಾರ್ಟಿಗೆ ರೈಟು ಹಾಕಿದವರು ಅವರಲ್ಲವಲ್ಲ.

ಹೀಗೇ ನಡೆದುಹೋಗುತ್ತಿತ್ತೇನೋ, ಸಂಘದ ಸರ್ವಸದಸ್ಯರ ಸಭೆಯ ದಿನ ನಿಗದಿಯಾಗದೆ ಇದ್ದಿದ್ದರೆ. ಸೆಪ್ಟೆಂಬರಿನ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತೂವರೆ, ಸಮುದಾಯ ಭವನ. ಹೊತ್ತು ಅವರೇ ಹನ್ನೊಂದು ವರ್ಷದ ಹಿಂದೆ ಗೊತ್ತು ಮಾಡಿದ್ದು. ಬದಲಿಸುವುದು ಅವರ ಜಾಯಮಾನವಲ್ಲ. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ತಂದವರು ವೀರಭದ್ರಯ್ಯ. ಅವರ ಹೊಟ್ಟೆಯಲ್ಲಿ ಗುಟ್ಟು ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿನವರೆಗೂ ನಿಲ್ಲುತ್ತಿರಲಿಲ್ಲ.

"ಶಶಿರೇಖಾ ಕುಣಿಗಲ್ಲಿಗೆ ಹೋಗಿ ಶಾಲು ತಂದವ್ಳೆ. ಹಣ್ಣಿನ ಬುಟ್ಟಿಗೂ ಹೇಳವ್ಳಂತೆ."

ಶಶಿರೇಖಾ ಸಂಘದ ಉಪಾಧ್ಯಕ್ಷೆ, ವರಸೆಯಲ್ಲಿ ತಮ್ಮನ ಸೊಸೆ, ಮೂವತ್ತೈದರ ಒಳ್ಳೆಯ ಹೆಂಗಸು. ಆ ಒಳ್ಳೆಯತನವೇ ತೊಂದರೆ.

"ಯಾರಿಗೆ ಶಾಲು?"

"ನಿನಗೇ ಕಣೇ. ಸನ್ಮಾನ ಮಾಡಿ, 'ಆರೋಗ್ಯ ನೋಡ್ಕಳಿ ದೊಡ್ಡತ್ತೆ, ಇನ್ನು ನಾವ್ ನೋಡ್ಕಂತೀವಿ' ಅಂತ ಹೇಳಿ, ರಾಜೀನಾಮೆ ಪತ್ರನೂ ಟೈಪ್ ಮಾಡ್ಸವ್ರೆ. ನೀನ್ ಸೈನ್ ಹಾಕಿದ್ರೆ ಆಯ್ತು. ಅವರಿಗೆ ನಿನ್ ಮ್ಯಾಲೆ ಪ್ರೀತಿ."

"ಪ್ರೀತಿ ಇರೋರು ಕೇಳ್ತಾರೆ. ಟೈಪ್ ಮಾಡ್ಸಲ್ಲ."

ಸಿದ್ದಗಂಗಮ್ಮನಿಗೆ ಅಧ್ಯಕ್ಷಗಿರಿ ಬಿಡಬೇಕಾಗುತ್ತದೆ ಎಂಬುದು ಗೊತ್ತಿಲ್ಲದ ವಿಷಯವಲ್ಲ. ಬಿಡುವ ದಿನವನ್ನು ತಾವು ಹೇಳಬೇಕೇ ಹೊರತು ಶಾಲು ಹೇಳಕೂಡದು. ಅದಕ್ಕೆ ಮೂರು ಗಂಟೆ ಆ ಕುರ್ಚಿಯ ಮೇಲೆ ನೆಟ್ಟಗೆ ಕೂತು, ವರದಿ ಓದಿ, ಜಗಳ ಬಿಡಿಸಿ, ಸಭೆ ಮುಗಿಸಬೇಕು. ಒಂದು ಸಲ ಮುಖ ಕಿವುಚಿದರೂ ಬುಟ್ಟಿ ವೇದಿಕೆಗೆ ಬಂದುಬಿಡುತ್ತದೆ. ಮತ್ತು ಬೆಳಿಗ್ಗೆ ಆರರಿಂದ ಹತ್ತೂವರೆಯ ತನಕ ಅವರು ಮುಖ ಕಿವುಚದೆ ಇದ್ದ ದಿನವೇ ಇರಲಿಲ್ಲ.

ಅವರು ಬಿಂದುಶ್ರೀಗೆ ಫೋನು ಮಾಡಿದರು. "ಮಗಾ, ಸಭೆ ದಿನ ಬೆಳಿಗ್ಗೆ ಒಂದು ಜೋರು ಇಂಜೆಕ್ಷನ್ ಕೊಟ್ಬುಡು."

"ಬೆಳಿಗ್ಗೆ ಹೊತ್ತು ಅಷ್ಟು ನೋವಿದ್ಯಾ? ನೀವು ಹೇಳೇ ಇಲ್ವಲ್ಲಮ್ಮ."

"ನೀನು ಬೆಳಿಗ್ಗೆ ಹೊತ್ತು ಕೇಳೇ ಇಲ್ಲ."

ಆ ಗುರುವಾರ, ಸಭೆಗೆ ಹತ್ತು ದಿನ ಇರುವಾಗ, ಜೀಪು ಕುಣಿಗಲ್ ಕಡೆಯ ಮನೆಗಳನ್ನು ಬಿಟ್ಟು ಮೊದಲು ಕೊತ್ತಗೆರೆಗೇ ಬಂತು. ಗಂಟೆ ಏಳೂವರೆ. ಸಿದ್ದಗಂಗಮ್ಮ ಟವೆಲ್ಲಿನ ತುದಿ ಕಚ್ಚಿಕೊಂಡು ಗೋಡೆಗೆ ಒರಗಿದ್ದರು. ಬಚ್ಚಲಿಗೆ ಇನ್ನು ಎಂಟು ಹೆಜ್ಜೆ ಇತ್ತು. ಬಿಂದುಶ್ರೀ ಈ ಸಲ ಹೊಟ್ಟೆಯ ವಿಷಯ ಕೇಳಲಿಲ್ಲ. ಕಂಕುಳಿಗೆ ಕೈಕೊಟ್ಟು ತಂದು ಮಂಚದ ಮೇಲೆ ಕೂರಿಸಿದಳು. ಚಾರ್ಟು ನೋಡಿದಳು. ಆರು ಗಂಟೆ: ರೈಟು. ಮುಖ ನೋಡಿದಳು. ಎರಡೂ ತಾಳೆಯಾಗಲಿಲ್ಲ.

"ಅಮ್ಮ, ಆರಕ್ಕೆ ಮಾತ್ರೆ ತಗೊಂಡ್ರಾ?"

"ಕೊಟ್ಟೆ ಸಿಸ್ಟರ್, ನಾನೇ ಕೈಗಿಟ್ಟೆ," ಅಂದರು ವೀರಭದ್ರಯ್ಯ.

"ನಾನು ಕೇಳಿದ್ದು ನುಂಗಿದ್ರಾ ಅಂತ."

ಸಿದ್ದಗಂಗಮ್ಮ ಗೂಡಿನ ಕಡೆ ಗಲ್ಲ ತೋರಿಸಿದರು. ಬಿಂದುಶ್ರೀ ಬಟ್ಟಲು ತಂದು ಹಾಸಿಗೆಯ ಮೇಲೆ ಸುರಿದಳು. ಹತ್ತೊಂಬತ್ತು ಮಾತ್ರೆ. ವೀರಭದ್ರಯ್ಯ ಚಾರ್ಟನ್ನು ನೋಡಿದರು, ಮಾತ್ರೆಗಳನ್ನು ನೋಡಿದರು. ಬಸ್ಸು ತುಂಬ ಟಿಕೆಟ್ ಇಲ್ಲದ ಪ್ರಯಾಣಿಕರೊಂದಿಗೆ ಚೆಕಿಂಗ್ ಇನ್ಸ್‌ಪೆಕ್ಟರ ಕೈಗೆ ಸಿಕ್ಕವರಂತೆ ಕುಸಿದು ಕೂತರು.

"ಪೂಜೆ ಆಗ್ದೆ ನಾನು ಬಾಯಿಗೇನೂ ಹಾಕಲ್ಲ."

"ಮಾತ್ರೆ ಊಟನಾಮ್ಮ?"

"ಗಂಟ್ಲಲ್ಲಿ ಇಳಿಯೋದೆಲ್ಲ ಊಟನೇ."

"ಲಿಂಗಕ್ಕೆ ಅರ್ಪಿಸಿ ತಗೊಳ್ಳಿ."

"ಅಫೀಮಿನ ಮಾತ್ರೇನಾ? ಶಿವನಿಗಾ?"

"ಹಾಲಾಹಲ ಕುಡಿದು ಅರಗಿಸ್ಕೊಂಡೋನಿಗೆ ಹತ್ತು ಮಿಲಿಗ್ರಾಂ ಯಾವ ಲೆಕ್ಕ?"

ಸಿದ್ದಗಂಗಮ್ಮನಿಗೆ ನೋವಿನ ನಡುವೆಯೂ ನಗು ಬಂತು. ನಕ್ಕಿದ್ದಕ್ಕೆ ಸೊಂಟ ಇನ್ನೊಂದು ಏಟು ಕೊಟ್ಟಿತು. ಆದರೆ ತಲೆ ಮಾತ್ರ ಅಡ್ಡಡ್ಡ ಆಡಿತು. "ಮೈ ಮಡಿಯಾಗ್ದೆ ಲಿಂಗ ಮುಟ್ಟಲ್ಲ ಕಣವ್ವ. ಈ ನಿಯಮ ಬಿಟ್ಟರೆ ನಂದು ಅಂತ ಉಳಿಯೋದು ಈ ರೋಗ ಒಂದೇ."

ಬಿಂದುಶ್ರೀ ಮಾತ್ರೆಗಳನ್ನು ಮತ್ತೆ ಬಟ್ಟಲಿಗೆ ತುಂಬಿದಳು. ಬೇರೆ ಯಾರಾದರೂ ಆಗಿದ್ದರೆ ದೇವರೇನು ಬೇಡ ಅಂತಾನಾ ಎಂದು ಬುದ್ಧಿ ಹೇಳುತ್ತಿದ್ದರು. ಅವಳು ಕೇಳಿದ್ದು ಬೇರೆ. "ಏಳೂ ಎರಡಕ್ಕೆ ಬಂದ ಹಾಲು ವಾಪಸ್ ಕಳಿಸ್ತೀರಂತೆ. ಯಾಕಮ್ಮ?"

"ಮತ್ತೇನ್ ಮಾಡ್ಲಿ? ಒಂದು ಕ್ಯಾನ್ ತಡ ಆದ್ರೆ ಲಾರಿ ತಡ. ಲಾರಿ ತಡ ಆದ್ರೆ ಊರಿಂದೆಲ್ಲ ಒಡೀತದೆ."

"ನಿಮ್ಮ ಮೈಯಲ್ಲೂ ಅದೇ ಆಗ್ತಿರೋದು. ಆರರ ಮಾತ್ರೆ ಒಂಬತ್ತೂವರೆಗೆ ಬಂದ್ರೆ ಬೆಳಗೆಲ್ಲ ಒಡೀತದೆ. ಇಂಜೆಕ್ಷನ್ ಬೇಡ, ರೋಗನೂ ಜಾಸ್ತಿ ಆಗಿಲ್ಲ. ಹೊತ್ತು ತಪ್ಪಿದೆ ಅಷ್ಟೆ." ಆಮೇಲೆ ಕೇಳಿದಳು: "ರಾತ್ರಿ ಎರಡು ನುಂಗಿ ಮಲಗ್ತೀರಲ್ಲ, ಎಚ್ಚರ ಎಷ್ಟೊತ್ತಿಗೆ?"

"ನಾಲ್ಕೂ ಮುಕ್ಕಾಲು. ಹಾಲು ಕರೆಯೋ ಹೊತ್ತು. ಎದ್ದು ಅಭ್ಯಾಸ."

"ಆಗ ನೋವಿರುತ್ತಾ?"

ಸಿದ್ದಗಂಗಮ್ಮ ಯೋಚಿಸಿದರು. "ಇರಲ್ಲ. ಆರರ ತಾವ ಬರ್ತದೆ."

"ಹಂಗಾದ್ರೆ ಐದಕ್ಕೆ ಪೂಜೆ ಮಾಡಿ. ನೋವು ಬರೋ ಮುಂಚೆ. ಪೂಜೆ ಮುಗಿದು ಆರಕ್ಕೆ ಮಾತ್ರೆ. ನಿಮ್ಮ ನಿಯಮ ನಿಮಗೆ, ನನ್ನ ನಿಯಮ ನನಗೆ."

"ನೀರು ಕಾಯಿಸಿ, ಬಚ್ಚಲಿಗೆ ಹೋಗಿ..."

"ಬಚ್ಚಲಿಗೆ ಹೋಗೋದೇ ಬೇಡ. ಮಂಚದ ಮೇಲೇ ತಲೆಯಿಂದ ಕಾಲವರೆಗೆ ಬಿಸಿನೀರಲ್ಲಿ ಮೈ ತೊಳೆದ್ರೆ ಅದೂ ಸ್ನಾನನೇ. ತೊಳೆಯೋರು ಬೇಕು." ಇಬ್ಬರೂ ವೀರಭದ್ರಯ್ಯನವರ ಕಡೆ ತಿರುಗಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಲೋಟ ನೀರನ್ನೂ ಕಾಯಿಸಿ ಗೊತ್ತಿಲ್ಲದ ಮನುಷ್ಯ, ತಪ್ಪಿತಸ್ಥನ ಸ್ಥಾನದಲ್ಲಿ ಕೂತಿದ್ದರಿಂದ, ಇಲ್ಲ ಅನ್ನುವ ಹಾಗಿರಲಿಲ್ಲ.

ಬಿಂದುಶ್ರೀ ಅವತ್ತು ಒಂದೂವರೆ ಗಂಟೆ ಇದ್ದಳು. ಕೆಳಗೆ ರಬ್ಬರು ಶೀಟು ಹಾಸುವುದು, ಎರಡು ಬೇಸಿನ್ನು, ಎರಡು ಬಟ್ಟೆ, ತೊಳೆಯುವ ಭಾಗ ಬಿಟ್ಟು ಮಿಕ್ಕಿದ್ದೆಲ್ಲ ಹೊದಿಸಿಯೇ ಇರುವುದು, ಗಾಯದ ಜಾಗಕ್ಕೆ ಉಜ್ಜದೆ ಒತ್ತುವುದು, ಕೊನೆಗೆ ಬೆನ್ನಿಗೆ ಗಟ್ಟಿ ದಿಂಬು ಕೊಟ್ಟು ಕೂರಿಸಿ ಎಡ ಮೊಣಕೈ ಕೆಳಗೆ ಮೆತ್ತನೆಯ ದಿಂಬು. ಕೈ ತಾನೇ ಲಿಂಗದ ಎತ್ತರಕ್ಕೆ ಬಂದು ನಿಂತಿತು. ಬಲಗೈಯ ಆಸರೆ ಬೇಕಾಗಲಿಲ್ಲ. ಸಿದ್ದಗಂಗಮ್ಮ ಖಾಲಿ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿದರು.

ಮೊದಲ ದಿನ ವೀರಭದ್ರಯ್ಯ ಹೆಂಡತಿಗಿಂತ ಹಾಸಿಗೆಯನ್ನು ಚೆನ್ನಾಗಿ ತೊಳೆದರು. ಎರಡನೆಯ ದಿನ ನೀರು ಎಷ್ಟು ಬಿಸಿಯಿತ್ತೆಂದರೆ, "ನನ್ನ ತೊಳೀತೀರೋ, ಬೇಯಿಸ್ತೀರೋ?" ಎಂದು ಕೇಳಿಸಿಕೊಂಡರು. ಮೂರನೆಯ ದಿನ ಬೆನ್ನು ತೊಳೆಯುತ್ತಿದ್ದ ಕೈ ನಿಂತುಹೋಯಿತು. ಹಿಂದಿನಿಂದ ಮೂಗೆಳೆದ ಸದ್ದು ಬಂತು. "ಬೆನ್ನೆಲುಬು ಎಣಿಸ್ಬೋದು ಕಣೇ," ಅಂದರು. ಸಿದ್ದಗಂಗಮ್ಮ ತಿರುಗಲಿಲ್ಲ. "ಎಣಿಸಿ, ರೈಟ್ ಹಾಕಿ. ನೀರು ಆರ್ತದೆ," ಅಂದರು. ನಾಲ್ಕನೆಯ ದಿನ ಐದೂವರೆಗೆ ಪೂಜೆ ಮುಗಿಯಿತು. ಆರಕ್ಕೆ, ಗಂಡನ ಎದುರೇ, ಮಾತ್ರೆ ಗಂಟಲಿಳಿಯಿತು. ಏಳಾಯಿತು, ಎಂಟಾಯಿತು. ಗುದ್ದಲಿಯವನು ಬಂದ; ಬಂದರೂ ಬೇಲಿಯ ಆಚೆಯೇ ನಿಂತ. ಒಂಬತ್ತು ಗಂಟೆಗೆ ಸಿದ್ದಗಂಗಮ್ಮ ಜಗುಲಿಯ ಮೇಲೆ ಕೂತು ಸಭೆಯ ವರದಿಯನ್ನು ಜೋರಾಗಿ ಓದಿ ನೋಡಿಕೊಂಡರು.

ಭಾನುವಾರ ಸಮುದಾಯ ಭವನದಲ್ಲಿ ನೂರಮೂವತ್ತು ಹೆಂಗಸರು. ಮೇಜಿನ ಕೆಳಗೆ ಬಣ್ಣದ ಕಾಗದ ಹೊದ್ದ ಬುಟ್ಟಿ, ಅದರೊಳಗಿಂದ ಒಂದು ಪರಂಗಿ ಹಣ್ಣು ಇಣುಕುತ್ತಿತ್ತು. ಸಿದ್ದಗಂಗಮ್ಮ ಒಂಬತ್ತೂ ಇಪ್ಪತ್ತೈದಕ್ಕೆ ಬಂದರು. ಬೆನ್ನಿಗೊಂದು, ಮೊಣಕೈಗೊಂದು ದಿಂಬನ್ನು ಎಲ್ಲರ ಎದುರಿಗೇ ಕುರ್ಚಿಗೆ ಹಾಕಿಸಿಕೊಂಡು ಕೂತರು. ಮುಚ್ಚಿಟ್ಟುಕೊಳ್ಳುವ ಯೋಚನೆ ಮೊದಲು ಇತ್ತು. ಅದನ್ನು ಹಿತ್ತಾಳೆ ಬಟ್ಟಲಿನ ಜೊತೆಗೇ ಬಿಟ್ಟಿದ್ದರು. ಒಂಬತ್ತೂವರೆಗೆ ಬಾಗಿಲು ಹಾಕಿಸಿದರು. ತಡವಾಗಿ ಬಂದ ಹನ್ನೆರಡು ಜನ ಕಿಟಕಿಯಿಂದ ಸಭೆ ಕೇಳಿದರು.

ವರದಿ ಮುಗಿಯುತ್ತಿದ್ದಂತೆ ಗೋಡೆ ಗಡಿಯಾರ ಹತ್ತು ತೋರಿಸಿತು. ಸಿದ್ದಗಂಗಮ್ಮ ಮೈಕಿನಲ್ಲೇ ಹೇಳಿದರು: "ಹತ್ತು ಗಂಟೆ. ಒಂದ್ನಿಮಿಷ ತಡೀರಿ." ಗಂಡಸರಿಗೆ ಸಭೆಯೊಳಗೆ ಪ್ರವೇಶವಿಲ್ಲದ ಕಾರಣ ವೀರಭದ್ರಯ್ಯ ನೀರಿನ ಲೋಟ ಹಿಡಿದು ಪಕ್ಕದ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದರು. "ಬನ್ನಿ ಒಳೀಕೆ. ನೀವೀಗ ಗಂಡಸಲ್ಲ, ಮೆಡಿಕಲ್ಲು." ಸಭೆ ಗೊಳ್ಳೆಂದಿತು. ಅಧ್ಯಕ್ಷೆ ಮಾತ್ರೆ ನುಂಗಿ, ನೀರು ಕುಡಿದು, ಲೋಟ ವಾಪಸ್ ಕೊಟ್ಟರು.

"ಯಾತರ ಮಾತ್ರೆ ಅಧ್ಯಕ್ಷರೇ?" ಎಂದಿತು ಹಿಂದಿನ ಸಾಲಿನ ದನಿ.

"ಕ್ಯಾನ್ಸರ್ ನೋವಿಂದು. ನಂಗೆ ಕ್ಯಾನ್ಸರ್ ಐತೆ, ವಾಸಿ ಆಗಲ್ಲ. ನಿಮಗೆಲ್ಲ ಗೊತ್ತು, ನಂಗೂ ಗೊತ್ತು. ಇನ್ಮೇಲೆ ನನ್ನ ಕಂಡಾಗ ಕಿವಿಯಲ್ಲಿ ಮಾತಾಡ್ಕಬ್ಯಾಡಿ, ಜೋರಾಗೇ ಮಾತಾಡಿ. ಮುಂದಿನ ವಿಷಯ ಯಾವ್ದು?"

ಮುಂದಿನ ವಿಷಯ, ಚಳಿಗಾಲದಲ್ಲಿ ಹಾಲು ಹಾಕುವ ಹೊತ್ತನ್ನು ಅರ್ಧ ಗಂಟೆ ಮುಂದೂಡಬೇಕೆಂಬ ಅರ್ಜಿ. ನಲವತ್ತು ನಿಮಿಷ ಜಗಳವಾಯಿತು. ಅಧ್ಯಕ್ಷೆ ಎರಡು ಸಲ ಎದ್ದು ನಿಂತರು. ಜಗಳಕ್ಕಲ್ಲ, ಅರ್ಧ ಗಂಟೆಗೊಮ್ಮೆ ಏಳಬೇಕೆಂದು ಬಿಂದುಶ್ರೀ ಹೇಳಿದ್ದಳು. ಆದರೆ ಅವರು ಎದ್ದಾಗಲೆಲ್ಲ ಎದುರು ಪಕ್ಷ ಕೂತುಬಿಡುತ್ತಿತ್ತು. ಅರ್ಜಿ ಬಿದ್ದುಹೋಯಿತು.

ಹನ್ನೆರಡೂಕಾಲಿಗೆ, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯ. ಶಶಿರೇಖಾ ಎದ್ದಳು. ಕೈಯಲ್ಲಿ ಶಾಲು, ಕಣ್ಣಲ್ಲಿ ಆಗಲೇ ನೀರು.

"ಕೂತ್ಕಳವ್ವ," ಅಂದರು ಸಿದ್ದಗಂಗಮ್ಮ. "ಅಪ್ಪಣೆ ಇಲ್ಲ."

"ದೊಡ್ಡತ್ತೆ, ನಾವೆಲ್ಲ ಪ್ರೀತಿಯಿಂದ..."

"ಪ್ರೀತಿ ಮನೆಗೆ ಬಂದು ತೋರ್ಸು, ಮುದ್ದೆ ತಿನ್ನಿಸ್ತೀನಿ. ಇಲ್ಲಿ ನಾನು ಹೇಳೋದು ಕೇಳು. ಎಲ್ಲಾರೂ ಕೇಳಿ. ನಾನು ಎಷ್ಟು ದಿನ ಇರ್ತೀನೋ ಡಾಕ್ಟ್ರಿಗೂ ಗೊತ್ತಿಲ್ಲ. ಅದಕ್ಕೇ ಸಂಕ್ರಾಂತಿ ಹಬ್ಬದ ಮಾರನೆ ದಿನ ಈ ಕುರ್ಚಿ ಬಿಡ್ತೀನಿ. ನಾನೇ ಬರ್ದು, ನನ್ನ ಕೈಯಾರೆ ಕೊಡ್ತೀನಿ. ಅಲ್ಲೀತಂಕ ದಿನಾ ಒಂದು ಗಂಟೆ ಶಶಿರೇಖಾ ನನ್ನ ಹತ್ರ ಬಂದು ಕಲೀಬೇಕು. ಕಲಿತ್ರೆ ನಿಮ್ಮುನ್ನ ಕೇಳಿ ಅವಳುನ್ನೇ ಮಾಡಣ. ಕಲೀಲಿಲ್ಲ ಅಂದ್ರೆ ಶಾಲು ಅವಳಿಗೇ ಹೊದಿಸಿ ಮನೆಗೆ ಕಳ್ಸಣ. ಸಭೆ ಮುಗೀತು."

ಚಪ್ಪಾಳೆ ಬರಲಿಲ್ಲ. ನೂರಮೂವತ್ತು ಹೆಂಗಸರೂ ಎದ್ದು ನಿಂತರು, ಯಾರೂ ಹೇಳದೆಯೇ. ಕಿಟಕಿಯಾಚೆಯ ಹನ್ನೆರಡು ಜನ ಮೊದಲೇ ನಿಂತಿದ್ದರು. ಸಿದ್ದಗಂಗಮ್ಮ ಕೂತೇ ಕೈಮುಗಿದರು. ಏಳಬಹುದಿತ್ತು, ಆದರೆ ಅಷ್ಟೂ ಜನರನ್ನು ಎದುರಿಗೆ ಒಟ್ಟಿಗೆ ನೋಡಬೇಕೆನ್ನಿಸಿತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವರು ಡೇರಿಯ ಕೋಣೆಯ ಬೆಂಚಿನ ಮೇಲೆ ಒರಗಿದರು. ಶಶಿರೇಖಾ ಕೇಳದೆಯೇ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಮೇಲಕ್ಕೆ ನೀವತೊಡಗಿದಳು.

"ಮೆತ್ತಗೆ. ಕೆಚ್ಚಲು ಅನ್ಕಂಡ್ಯಾ?"

"ನೋವಾ ದೊಡ್ಡತ್ತೆ?"

"ಐತೆ. ಎರಡಕ್ಕೆ ಇನ್ನೊಂದು ಮಾತ್ರೆ ಐತೆ. ಅಷ್ಟರಲ್ಲಿ ಮೊದಲನೇ ಪಾಠ ಮುಗಿಸಣ. ಕೆರೆಮನೆ ಅಪ್ಪಾಜಿ ಹೆಂಡ್ತಿ ಗೊತ್ತಲ್ಲ? ಅವರ ಮನೆ ಸಂಜೆ ಹಾಲು ಮಾತ್ರ ಒಂದೊಂದಿನ ತೆಳ್ಳಗಿರ್ತದೆ."

"ನೀರು ಹಾಕ್ತಾರೆ ಅಂತ ನಂಗೆ ಆಗ್ಲೇ ಡೌಟಿತ್ತು! ವಾಪಸ್ ಕಳಿಸ್ಬೇಕಿತ್ತು ದೊಡ್ಡತ್ತೆ."

"ಕಳಿಸ್ಬ್ಯಾಡ. ನೀರು ಹಾಕೋದು ಅವಳ ಸೊಸೆ. ಅತ್ತೆ ಮಕ್ಕಳಿಗೆ ಹಾಲು ಕೊಡಲ್ಲ, ಎಲ್ಲಾ ಡೇರಿಗೇ. ಆ ಹುಡುಗಿ ಎರಡು ಲೋಟ ಮಕ್ಕಳಿಗೆ ತೆಗೆದು, ಅಷ್ಟು ನೀರು ಸೇರಿಸ್ತಾಳೆ. ಏಳು ವರ್ಷದಿಂದ ನೋಡ್ತಿದೀನಿ. ಎರಡು ಲೋಟದ ಮೇಲೆ ಒಂದು ತೊಟ್ಟು ತೆಗ್ದವಳಲ್ಲ." ಸಿದ್ದಗಂಗಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಆ ಹುಡುಗಿ ಬಂದಾಗ ನೀನೇ ಅಳತೆ ನೋಡಿ ತಗೋ. ಬೇರೆಯವರ ಕೈಗೆ ಬುಡಬ್ಯಾಡ."